ಬಿಳಿ ಕೋಳಿಯ ಮೊಟ್ಟೆ, ನಾಟಿ ಕೋಳಿಯ ಕಾವು

ಎರಡನೇ ಮಹಾಯುದ್ಧ ಶುರುವಾದ ಮರುವರ್ಷ ನನ್ನನ್ನು ರಾಯದುರ್ಗದಿಂದ ಮಡಕಶಿರಕ್ಕೆ ವರ್ಗ ಮಾಡಿದರು. ಎರಡೂ ಊರುಗಳು ಆಗ ಮದರಾಸು ಪ್ರಾಂತ್ಯದಲ್ಲಿದ್ದವು. ರಾಯದುರ್ಗ ಬಳ್ಳಾರಿ ಜಿಲ್ಲೆಗೂ ಮಡಕಶಿರ ಅನಂತಪುರ ಜಿಲ್ಲೆಗೂ ಸೇರಿದ್ದವು. ನಾನು ವೆಟರ್ನರಿ ಅಸಿಸ್ಟೆಂಟ್ ಸರ್ಜನ್. ಹೆಸರು ದೊಡ್ಡದು, ಕೆಲಸ ದನ-ಕುರಿಗಳದು. ವಾರಕ್ಕೆ ಮೂರು ದಿನ ಆಸ್ಪತ್ರೆ, ಉಳಿದ ದಿನ ಸೈಕಲ್ ಮೇಲೆ ಹಳ್ಳಿ ಸುತ್ತಾಟ.

ನಮ್ಮದು ರಾಯದುರ್ಗದ ಶೈವ ವ್ಯಾಪಾರಿಗಳ ಮನೆ. ಮೊಟ್ಟೆ ಎಂಬ ಮಾತನ್ನು ಅಡುಗೆಮನೆಯ ಹತ್ತಿರ ಆಡುವಂತಿರಲಿಲ್ಲ. ಹಾಗಾಗಿ ಕೋಳಿಯ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಕಾಲೇಜಿನ ಪುಸ್ತಕದಿಂದ ಬಂದದ್ದು. ಮಡಕಶಿರಕ್ಕೆ ಬಂದ ಎರಡನೇ ತಿಂಗಳಲ್ಲಿ ಮೇಲಿನಿಂದ ಒಂದು ಪತ್ರ ಬಂತು. ತಾಲ್ಲೂಕಿನಲ್ಲಿ ಒಂದು ಮನೆಯನ್ನು ಆರಿಸಿ, ಅವರ ಹಿತ್ತಿಲಲ್ಲಿ ಒಳ್ಳೆಯ ತಳಿಯ ಕೋಳಿಗಳ ಒಂದು ಸಣ್ಣ ಮಾದರಿ ಹಿಂಡು ಬೆಳೆಸಬೇಕು. ಅದನ್ನು ನೋಡಿ ಬೇರೆ ಹೆಂಗಸರೂ ಸಾಕಲು ಮುಂದೆ ಬರಬೇಕು. ಯಾವ ತಳಿ ಎಂಬುದನ್ನು ಮಾತ್ರ ನನಗೇ ಬಿಟ್ಟಿದ್ದರು.

ಸರ್ಕಾರಿ ಫಾರಂನಲ್ಲಿ ಮೂರು ಸೀಮೆ ತಳಿಗಳಿದ್ದವು. ವೈಟ್ ಲೆಗ್‌ಹಾರ್ನ್: ಹಗುರ ಮೈ, ಅಚ್ಚ ಬಿಳುಪು, ಮೊಟ್ಟೆ ಇಡುವುದರಲ್ಲಿ ಎಲ್ಲಕ್ಕಿಂತ ಮುಂದು. ರೋಡ್ ಐಲೆಂಡ್ ರೆಡ್: ಇಟ್ಟಿಗೆಯ ಬಣ್ಣ, ತೂಕದ ಮೈ, ಸಾಧು ಸ್ವಭಾವ. ಬ್ಲ್ಯಾಕ್ ಮಿನಾರ್ಕ: ಕಪ್ಪು ಬಣ್ಣ, ದೊಡ್ಡ ಮೊಟ್ಟೆ. ಇವುಗಳ ಪಕ್ಕದಲ್ಲಿ ನಮ್ಮೂರ ಕಡೆ ಜವಾರಿ ಎನ್ನುವ, ಮಡಕಶಿರದವರು ನಾಟಿ ಎನ್ನುವ ಕೋಳಿಯನ್ನು ಇಟ್ಟು ನೋಡಿದರೆ ಮೊಟ್ಟೆಯ ಲೆಕ್ಕದಲ್ಲಿ ಅದು ತೀರಾ ಹಿಂದೆ. ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ಮೂರು ವಾರ ಕಾವು, ಆಮೇಲೆ ಮರಿಗಳ ಹಿಂದೆ ತಿಂಗಳುಗಟ್ಟಲೆ ಓಡಾಟ. ಪುಸ್ತಕ ಇದನ್ನು ದೋಷ ಎಂದೇ ಬರೆದಿತ್ತು. ನಾನು ಎರಡನೇ ಯೋಚನೆ ಮಾಡದೆ ಲೆಗ್‌ಹಾರ್ನ್ ಎಂದು ಬರೆದು ಕಳಿಸಿದೆ.

ಮನೆ ಸಿಕ್ಕಿದ್ದು ಅಮರಾಪುರದ ಹತ್ತಿರದ ಒಂದು ಹಟ್ಟಿಯಲ್ಲಿ. ಅಣ್ಣತಮ್ಮಂದಿರ ಎರಡು ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದಿನ ಒಂದೇ ಹಿತ್ತಿಲಿನ ನಡುವೆ ಎದೆಮಟ್ಟದ ಹೊಸ ಮಣ್ಣುಗೋಡೆ. ಈಚೆ ಕಡೆ ತಮ್ಮನ ಹೆಂಡತಿ ಪುಟ್ಟಮ್ಮ, ಆಚೆ ಕಡೆ ಅಣ್ಣನ ಹೆಂಡತಿ ಕೆಂಚಮ್ಮ. ಓರಗಿತ್ತಿಯರಿಬ್ಬರಲ್ಲಿ ಮಾತಿಲ್ಲ ಎಂಬುದು ನನಗೆ ಮೊದಲ ದಿನವೇ ತಿಳಿಯಿತು. ಯಾಕೆಂದು ಕೇಳಲಿಲ್ಲ. ಕೋಳಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡೆ.

ನನ್ನ ಷರತ್ತು ಒಂದೇ ಇತ್ತು. ಸೀಮೆ ಕೋಳಿಯ ಜೊತೆ ನಾಟಿ ಕೋಳಿ ಇರಕೂಡದು, ತಳಿ ಕೆಡುತ್ತದೆ. ಪುಟ್ಟಮ್ಮ ತನ್ನ ಐದು ನಾಟಿ ಕೋಳಿಗಳನ್ನು ತವರಿಗೆ ಕಳಿಸಿಬಿಟ್ಟಳು. ಗೋಡೆಯಾಚೆಗೂ ಹೋಗಿ ಕೆಂಚಮ್ಮನಿಗೆ ಹೇಳಿ ನೋಡಿದೆ. ಅವರಿಗೆ ನಲವತ್ತರ ಹತ್ತಿರ ವಯಸ್ಸು. ಮೊರದಲ್ಲಿ ರಾಗಿ ಹಸನು ಮಾಡುತ್ತಾ ತಲೆ ಎತ್ತದೆ ಹೇಳಿದರು:

"ಆಗಾಕಿಲ್ಲ ಸಾಮಿ. ಇವು ನನ್ನ ನಂಬ್ಕಂಡು ಬೆಳೆದವು."

"ಯಾಕ್ರಿ ಅಮ್ಮಾ, ಒಳ್ಳೇದು ಬರ್ತದಂದ್ರ ಬ್ಯಾಡ ಅಂತೀರಿ?" ಎಂದೆ. ನನ್ನ ರಾಯದುರ್ಗದ ಮಾತು ಕೇಳಿ ಅವರಿಗೆ ನಗು ಬಂತು, ಆದರೆ ಉತ್ತರ ಬದಲಾಗಲಿಲ್ಲ. ಕೊನೆಗೆ ಹುಂಜವನ್ನು ಮಾತ್ರ ಬೇರೆ ಕಡೆ ಬಿಡಲು ಒಪ್ಪಿದರು. ನಾಲ್ಕು ಹೆಣ್ಣು ಕೋಳಿಗಳು ಅಲ್ಲೇ ಉಳಿದವು.

ದಸರಾ ಮುಗಿದ ಮೇಲೆ ಬಿದಿರಿನ ಬುಟ್ಟಿಗಳಲ್ಲಿ ಆರು ಹೆಣ್ಣು, ಒಂದು ಹುಂಜ ರೈಲಿನಲ್ಲಿ ಹಿಂದೂಪುರಕ್ಕೆ ಬಂದಿಳಿದವು. ಬಸ್ಸಿನ ಮೇಲೆ ಕಟ್ಟಿಸಿಕೊಂಡು ನಾನೇ ತಂದೆ. ದೀಪಾವಳಿಯ ಹೊತ್ತಿಗೆ ದಿನಕ್ಕೆ ನಾಲ್ಕು, ಒಮ್ಮೊಮ್ಮೆ ಐದು ಮೊಟ್ಟೆ. ಹಟ್ಟಿಯ ಹೆಂಗಸರು ಬಂದು ನೋಡಿಹೋಗುತ್ತಿದ್ದರು. ಪುಟ್ಟಮ್ಮನ ಮುಖದಲ್ಲಿ ಗೆಲುವಿತ್ತು. ಅವಳ ಮೂರು ವರ್ಷದ ಮಗಳು ನಾಗಿ ಕೋಳಿಗಳ ಹಿಂದೆಯೇ ಇರುತ್ತಿದ್ದಳು. ನಾನು ಆಫೀಸಿಗೆ ಹೆಮ್ಮೆಯಿಂದ ರಿಪೋರ್ಟ್ ಬರೆದೆ.

ಮಾಗಿಯ ಚಳಿಯಲ್ಲಿ ಕಷ್ಟ ಶುರುವಾಯಿತು. ಕೆಂಪು ಮಣ್ಣಿನ ಹಿತ್ತಿಲಲ್ಲಿ ಬಿಳಿ ಕೋಳಿ ಆಕಾಶಕ್ಕೆ ಎದ್ದು ಕಾಣುತ್ತದೆ. ಹದ್ದಿನ ನೆರಳು ಬಿದ್ದರೆ ನಾಟಿ ಕೋಳಿ ಬೇಲಿಗೆ ನುಗ್ಗುತ್ತದೆ. ಫಾರಂನಲ್ಲಿ ಬೆಳೆದ ಲೆಗ್‌ಹಾರ್ನ್ ನಿಂತು ನೋಡುತ್ತದೆ. ಎರಡನ್ನು ಹದ್ದು ಎತ್ತಿತು, ಒಂದನ್ನು ಮುಂಗುಸಿ ಹಿಡಿಯಿತು. ಉಳಿದವು ಮೂರು ಹೆಣ್ಣು ಮತ್ತು ಹುಂಜ. ಮರಿ ಮಾಡಿಸಿಬಿಡೋಣ ಎಂದು ಪುಟ್ಟಮ್ಮ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಕಾದಳು. ಮೂರರಲ್ಲಿ ಒಂದೂ ಕೂರಲಿಲ್ಲ. ಕಾವಿಗೆ ಕೂರುವ ಗುಣವನ್ನು ತಲೆಮಾರುಗಳಿಂದ ತೆಗೆದುಹಾಕಿಯೇ ಆ ತಳಿಯಿಂದ ಅಷ್ಟು ಮೊಟ್ಟೆ ಪಡೆಯುವುದು. ಓದುವಾಗ ಇದು ನನಗೆ ಗುಣವೆಂದೇ ಕಂಡಿತ್ತು.

ನಾನು ಹೋದ ದಿನ ಪುಟ್ಟಮ್ಮ ಒಲೆಯ ಪಕ್ಕದಲ್ಲಿ ಹಳೆ ಸೀರೆಯ ಗಂಟೊಂದನ್ನು ಬಿಚ್ಚಿ ತೋರಿಸಿದಳು. ಒಳಗೆ ಒಂಬತ್ತು ಮೊಟ್ಟೆಗಳು. ಹದಿನೈದು ದಿನದಿಂದ ಅವನ್ನು ಒಲೆಯ ಬಿಸಿಯಲ್ಲಿ ತಿರುಗಿಸುತ್ತಾ ಬೆಚ್ಚಗಿಟ್ಟಿದ್ದಳಂತೆ. ಮುಟ್ಟಿದ ಒಂದು ಮೊಟ್ಟೆ ಕೈಯಲ್ಲೇ ಒಡೆಯಿತು. ಕೊಳೆತ ವಾಸನೆ ಮನೆಯೆಲ್ಲ ತುಂಬಿತು.

"ನನ್ನ ಕೋಳಿ ಇದ್ದಿದ್ರೆ ಕೂತ್ಕಂತಿದ್ವು ಡಾಕ್ಟ್ರೆ. ನೀವೇಳಿದ್ರಿ ಅಂತ ಕಳಿಸ್ದೆ," ಎಂದಳು. ಬೈಗುಳವಿರಲಿಲ್ಲ, ಬರೀ ಅಳು. ನನಗೆ ತಲೆ ಎತ್ತಲಾಗಲಿಲ್ಲ. ತವರಿಗೆ ಕಳಿಸಿದ ಕೋಳಿಗಳಲ್ಲಿ ಒಂದೂ ಉಳಿದಿರಲಿಲ್ಲ. ಯುಗಾದಿಗೆ ಮೊದಲು ಜಿಲ್ಲಾ ಅಧಿಕಾರಿಗಳು ಹಿಂಡು ನೋಡಲು ಬರುವವರಿದ್ದರು. ನನ್ನ ಮರ್ಯಾದೆಯ ಮಾತು ಬಿಡಿ. ಈ ಹಿತ್ತಿಲು ಸೋತರೆ ಹಟ್ಟಿಯ ಯಾವ ಹೆಂಗಸೂ ನಮ್ಮ ಮಾತು ನಂಬುವಂತಿರಲಿಲ್ಲ.

ಅದೇ ಹೊತ್ತಿಗೆ ಗೋಡೆಯಾಚೆಯಿಂದ ಒಂದು ಕೋಳಿ ಲೊಕ್ ಲೊಕ್ ಎಂದು ಗಂಟಲೊಳಗೇ ಸದ್ದು ಮಾಡುವುದು ಕೇಳಿಸಿತು. ಕಾವಿಗೆ ಬಂದ ಕೋಳಿಯ ಸದ್ದು ಅದು. ನಾನು ಸುತ್ತು ಹಾಕಿ ಕೆಂಚಮ್ಮನ ಬಾಗಿಲಿಗೆ ಹೋಗಿ ವಿಷಯ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಮೊಟ್ಟೆ ಅವಳ್ದು. ಅವಳು ಬಂದು ಕೇಳ್ಲಿ. ಸರ್ಕಾರ ಯಾಕೆ ಕೇಳ್ಬೇಕು?" ಎಂದರು. ಮಾತು ಬಿಟ್ಟದ್ದು ಯಾಕೆಂದು ನಾನು ಕೇಳದಿದ್ದರೂ ಅವರೇ ಹೇಳಿದರು.

ನಾಗಿ ಹುಟ್ಟಿದಾಗ ಪುಟ್ಟಮ್ಮನಿಗೆ ಬಾಣಂತಿ ಜ್ವರ ಹಿಡಿದು ಐದು ತಿಂಗಳು ಹಾಸಿಗೆಯಲ್ಲಿದ್ದಳು. ಮಕ್ಕಳಿಲ್ಲದ ಕೆಂಚಮ್ಮ ಮೇಕೆಹಾಲು ಕುಡಿಸಿ ಕೂಸನ್ನು ಉಳಿಸಿದರು. ಪುಟ್ಟಮ್ಮ ಚೇತರಿಸಿಕೊಂಡ ಮೇಲೂ ಮಗು ಮಲಗುತ್ತಿದ್ದುದು ಇವರ ಮಗ್ಗುಲಲ್ಲೇ. ಮಾತು ಕಲಿತಾಗ ಮೊದಲು 'ಅವ್ವ' ಎಂದದ್ದೂ ಇವರನ್ನೇ. ಅಂದು ಪುಟ್ಟಮ್ಮ ಮಗುವನ್ನು ಕಿತ್ತುಕೊಂಡು ಹೋದಳು. ತಿಂಗಳೊಳಗೆ ಗೋಡೆ ಎದ್ದಿತು.

"ನಾನೇನು ಕಿತ್ಕಂಡೆನಾ ಸಾಮಿ? ಕೂಸು ಬದುಕ್ಲಿ ಅಂದೆ ಅಷ್ಟೆ," ಎಂದು ಕೆಂಚಮ್ಮ ಸೆರಗಿನಿಂದ ಮೂಗೊರೆಸಿಕೊಂಡರು.

ಈಚೆ ಬಂದು ಪುಟ್ಟಮ್ಮನಿಗೆ ಇಷ್ಟೇ ಹೇಳಿದೆ: "ನಾನು ಕೇಳಿದ್ರ ಆಗೋದಿಲ್ಲಮ್ಮ. ನೀನೇ ಹೋಗಬೇಕು. ತಪ್ಪು ನಂದು, ಹೋಗೋ ಕಷ್ಟ ನಿಂದಾಯ್ತು."

ಎರಡು ದಿನ ಬಿಟ್ಟು ಹೋದಾಗ ಅವಳು ಹೊರಡುವುದನ್ನು ಕಣ್ಣಾರೆ ಕಂಡೆ. ಮೊರದಲ್ಲಿ ರಾಗಿ ಹರಡಿ, ಅದರ ಮೇಲೆ ಹದಿನಾಲ್ಕು ಬಿಳಿ ಮೊಟ್ಟೆ ಜೋಡಿಸಿಕೊಂಡಿದ್ದಳು. ಸೊಂಟದ ಮೇಲೆ ನಾಗಿ. ಕೆಂಚಮ್ಮನ ಬಾಗಿಲಲ್ಲಿ ನಿಂತಳು. ಮಗು ತೋಳು ಚಾಚಿತು. ಕೆಂಚಮ್ಮ ಮಗುವನ್ನು ಎತ್ತಿಕೊಳ್ಳಲಿಲ್ಲ. ಮೊದಲು ಪುಟ್ಟಮ್ಮನ ಮುಖ ನೋಡಿದರು.

"ಎತ್ಕೊ ಅಕ್ಕಯ್ಯ," ಎಂದಳು ಪುಟ್ಟಮ್ಮ. "ಕೈ ಸೋಲ್ತೈತೆ ನಂಗೆ."

ಆಮೇಲೆ ಇಬ್ಬರೂ ನೆಲದ ಮೇಲೆ ಕೂತರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಕೆಂಚಮ್ಮ ಒಂದೊಂದು ಮೊಟ್ಟೆಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಮೂರನ್ನು ಪಕ್ಕಕ್ಕಿಟ್ಟು, "ಇವು ಹಳೇವು, ಸಾರಿಗಾಕು," ಎಂದರು. ಹನ್ನೊಂದು ಉಳಿದವು. ಕಾವಿಗೆ ಕೂತಿದ್ದ ಕೋಳಿಗೆ ಕತ್ತಿನಲ್ಲಿ ಪುಕ್ಕವೇ ಇರಲಿಲ್ಲ. ಬೋಳುಕತ್ತಿನ ಕರಿ ಕೋಳಿ, ನೋಡಲು ಏನೂ ಚೆಂದವಿಲ್ಲ. ಅದು ಕೊಕ್ಕಿನಿಂದ ಒಂದೊಂದನ್ನೇ ಹೊಟ್ಟೆಯಡಿಗೆ ಎಳೆದುಕೊಂಡಿತು.

ಏಳನೇ ದಿನ ನಡುಮಧ್ಯಾಹ್ನ ಮೊಟ್ಟೆಗೆ ಬೆಳಕು ಹಿಡಿದು ಪರೀಕ್ಷೆ ಮಾಡಿದೆ. ಒಳಗೆ ಜೀವ ಮೂಡಿದೆಯೋ ಇಲ್ಲವೋ ಎಂದು ತಿಳಿಯುವ ದಾರಿ ಅದು. ಕೆಂಚಮ್ಮನ ಕೋಣೆಯ ಬಾಗಿಲು ಹಾಕಿಸಿ, ಬೆಳಕಿಂಡಿಯಿಂದ ಇಳಿಯುವ ಬಿಸಿಲಕೋಲಿಗೆ ರಟ್ಟಿನ ತೂತನ್ನು ಒಡ್ಡಿ ಮೊಟ್ಟೆ ಹಿಡಿದೆ. ಬಿಳಿ ಚಿಪ್ಪು ಕೆಂಪಾಗಿ ಬೆಳಗಿತು. ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ, ಅದರಿಂದ ಜೇಡನ ಕಾಲಿನಂತೆ ಹೊರಟ ರಕ್ತದ ಎಳೆಗಳು. ಚುಕ್ಕೆ ಮಿಸುಕಿತು.

ಓರಗಿತ್ತಿಯರಿಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದರು. ಎಷ್ಟೋ ಸಲ ಕೋಳಿ ಕೂರಿಸಿದ ಕೆಂಚಮ್ಮ ಕೂಡ ಒಳಗಡೆ ಕಂಡದ್ದು ಅದೇ ಮೊದಲು. "ಅಯ್ಯೋ ಪುಟ್ಟಿ, ಉಸುರಾಡ್ತೈತೆ ಕಣೆ!" ಎಂದರು. ಪುಟ್ಟಮ್ಮ ಅವರ ಕೈ ಹಿಡಿದುಕೊಂಡಳು. ಆ ಬೆಳಕಿನಲ್ಲಿ ಎರಡು ಮೊಟ್ಟೆ ಬರಿದು ಎಂದು ಗೊತ್ತಾಯಿತು. ಒಂಬತ್ತನ್ನು ಮತ್ತೆ ಕೋಳಿಯಡಿ ಇಟ್ಟೆವು.

ಇಪ್ಪತ್ತೊಂದನೇ ದಿನ ಸಂಜೆಯೊಳಗೆ ಒಂಬತ್ತೂ ಒಡೆದವು. ಹಟ್ಟಿಯ ಹೆಂಗಸರು ಸುತ್ತ ನೆರೆದಿದ್ದರು. ಕಪ್ಪು ರೆಕ್ಕೆಯಡಿಯಿಂದ ಅರಿಶಿನದ ಬಣ್ಣದ ಮರಿಗಳು ಇಣುಕುತ್ತಿದ್ದವು. ಯಾರೋ ಒಬ್ಬಾಕೆ, "ಈಗ ಈ ಪಿಳ್ಳೆಗಳು ಯಾರ್ವು?" ಎಂದು ಕೆಣಕಿದಳು. ಕೆಂಚಮ್ಮನ ಮುಖ ಸಪ್ಪಗಾದದ್ದು ನನಗೆ ಕಂಡಿತು. ಪುಟ್ಟಮ್ಮ ತಟ್ಟನೆ ಹೇಳಿದಳು:

"ಮೂರು ವಾರ ಅನ್ನ ನೀರು ಬಿಟ್ಟು ಕೂತಿದ್ದು ಅಕ್ಕಯ್ಯನ ಕೋಳಿ. ಅದ್ರ ಪಿಳ್ಳೆ ಅಲ್ಲ ಅನ್ನೋಕೆ ನಾನ್ಯಾರು?"

ಕೆಂಚಮ್ಮ ಎದ್ದು ಒಳಗೆ ಹೋದರು. ಹೊರಗೆ ಬರಲು ಸ್ವಲ್ಪ ಹೊತ್ತಾಯಿತು.

ಮರುವಾರ ಹೋದಾಗ ಗೋಡೆಯ ಒಂದು ಕಡೆ ಎರಡು ಮೊಳದಷ್ಟು ಕೆಡವಿದ್ದರು. ಮರಿಗಳಿಗೆ ಈಚೆ ಬೇವಿನ ನೆರಳು ಬೇಕು, ಅದಕ್ಕೆ ದಾರಿ ಬಿಟ್ಟೆವು ಎಂದು ಪುಟ್ಟಮ್ಮನ ಗಂಡ ನನಗೆ ಗಂಭೀರವಾಗಿ ವಿವರಿಸಿದ. ಆ ದಾರಿಯಲ್ಲಿ ಮರಿಗಳಿಗಿಂತ ಹೆಚ್ಚು ಓಡಾಡುತ್ತಿದ್ದವಳು ನಾಗಿ. ಒಮ್ಮೊಮ್ಮೆ ಇಬ್ಬರನ್ನೂ ಅವ್ವ ಎಂದೇ ಕೂಗುತ್ತಿದ್ದಳು, ಯಾರು ಹತ್ತಿರವಿದ್ದರೋ ಅವರು ಓಗೊಡುತ್ತಿದ್ದರು.

ಜಿಲ್ಲಾ ಅಧಿಕಾರಿಗಳು ಬಂದರು. ಮಾದರಿ ಹಿಂಡಿನಲ್ಲಿ ಬೋಳುಕತ್ತಿನ ನಾಟಿ ಕೋಳಿ ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಳಿ ಆರಿಸುವಾಗ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳಿದೆ. ಅವರು ಕೋಳಿಯನ್ನೂ ಮರಿಗಳನ್ನೂ ಬಹಳ ಹೊತ್ತು ನೋಡಿ, "ಮುಂದಿನ ಸಲ ಇವರನ್ನೇ ಕೇಳಿ ಆರಿಸಿ," ಎಂದಷ್ಟೇ ಹೇಳಿ ಕಾರು ಹತ್ತಿದರು.

ಹಾಗೇ ಮಾಡಿದೆ. ಮುಂದಿನ ಮಳೆಗಾಲದ ಹೊತ್ತಿಗೆ ಆರಿಸಿದವರು ಆ ಇಬ್ಬರು. ಹದ್ದಿನ ಕಣ್ಣಿಗೆ ಮಣ್ಣಿನಂತೆ ಕಾಣಬೇಕು, ಹುಂಜ ಕೆಂಪು ಇರಲಿ ಎಂದರು ಕೆಂಚಮ್ಮ. ರೋಡ್ ಐಲೆಂಡ್ ರೆಡ್ ತರಿಸಿದೆ. ಮೊಟ್ಟೆಗೆ ಎರಡು ಬಿಳಿಯವು ಇರಲೇಬೇಕು ಎಂದಳು ಪುಟ್ಟಮ್ಮ. ಕಾವಿಗೆ ನಾಟಿ ಕೋಳಿಗಳು. ನೋಡಲು ಅದು ಕಲಸುಮೇಲೋಗರದ ಹಿಂಡು. ಆದರೆ ಹಟ್ಟಿಯ ಇನ್ನೂ ಏಳು ಮನೆಗಳು ಅದನ್ನು ನೋಡಿಯೇ ಸಾಕಲು ಶುರುಮಾಡಿದವು.

ಆಮೇಲೆ ಬಹಳ ವರ್ಷ ಬಹಳ ಊರುಗಳಲ್ಲಿ ಕೆಲಸ ಮಾಡಿದೆ. ಯಾವ ತಳಿ ಒಳ್ಳೆಯದು ಡಾಕ್ಟರೇ ಎಂದು ಕೇಳದ ಊರಿಲ್ಲ. ಒಳ್ಳೆಯದು ಎನ್ನುವುದು ಕೋಳಿಯೊಂದರಲ್ಲೇ ಇಲ್ಲ. ಅದು ಇಳಿಯುವ ಹಿತ್ತಿಲಿನಲ್ಲಿ, ಅಲ್ಲಿ ಈಗಾಗಲೇ ಇರುವ ಜೀವಗಳಲ್ಲಿ, ಅವುಗಳನ್ನು ನೋಡಿಕೊಳ್ಳುವ ಕೈಗಳಲ್ಲಿ ಇದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಅದಕ್ಕೇ ಕೇಳಿದವರ ಹಿತ್ತಿಲಲ್ಲಿ ಮೊದಲು ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದೆ. ಮನೆಯ ಹೆಂಗಸರು ಮಾತಾಡಿ ಮುಗಿಸಿದ ಮೇಲೆ ತಳಿಯ ಹೆಸರು ಹೇಳುತ್ತಿದ್ದೆ. ಎಷ್ಟೋ ಸಲ ಅಷ್ಟರೊಳಗೆ ಅವರೇ ಹೇಳಿಬಿಟ್ಟಿರುತ್ತಿದ್ದರು.