ಆಡಿಗೆ ದನಿ ಕೊಟ್ಟ ಅಂಬಮ್ಮ

ನಾನು ಮದುವೆಯಾಗಿ ಕಮಲಾಪುರಕ್ಕೆ ಬಂದ ದಿನ ಅಂಬಮ್ಮನ ಮುಖ ನೋಡುವ ಮೊದಲು ಆಕೆಯ ದನಿ ಕೇಳಿದೆ. ಹಿತ್ತಲಲ್ಲಿ ಯಾರನ್ನೋ ಬೈಯುತ್ತಿದ್ದಳು. "ಮುಂಜಾನಿಂದ ಎಷ್ಟ್ ಸಲ ತಿನ್ನಾಕಿ ನೀ? ಹೊಟ್ಟಿ ಅದನೋ ಕಾಳು ತುಂಬೋ ಹಗೇವು ಅದನೋ?" ಈ ಮನೆಯಲ್ಲಿ ಸೊಸೆಯಂದಿರ ಊಟಕ್ಕೂ ಇಷ್ಟು ಮಾತು ಇದೆಯೇ ಎಂದು ನನಗೆ ಹೆದರಿಕೆಯಾಯಿತು. ಇಣುಕಿ ನೋಡಿದರೆ ಅಲ್ಲಿ ನಿಂತದ್ದು ಆಡು.

ಅಂಬಮ್ಮ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ನಾನು ಆಕೆಗೆ ಅಕ್ಕಾ ಎನ್ನುತ್ತೇನೆ, ಆಕೆ ನನಗೆ ತಂಗಿ ಎನ್ನುತ್ತಾಳೆ. ಮುಂದೆ ನಮ್ಮವರಿಗೆ ಮಿಲ್ಲಿನಲ್ಲಿ ಕೆಲಸ ಸಿಕ್ಕು ನಾವು ಕಲಬುರಗಿಗೆ ಬಂದೆವು, ಈಗ ಅಲ್ಲಿನ ಕುಸನೂರಿನಲ್ಲಿ ಮನೆ. ಅಂಬಮ್ಮ ಅಲ್ಲೇ ಉಳಿದಳು. ಭಾವ ಸಾಯಬಣ್ಣನವರದು ಎರಡು ಎಕರೆ ಕೆಂಪು ಬಾಳೆಯ ತೋಟ. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. ಭಾವನೂ ಹಾಗೆಯೇ. ಒಂದು ಮಾತು ಕೇಳಿದರೆ ಉತ್ತರ ಊಟವಾದ ಮೇಲೆ ಬರುತ್ತದೆ. ಹಣ್ಣು ಮಾರುವುದು ಅಂಬಮ್ಮನ ಕೆಲಸ. ಹುಮನಾಬಾದ ರಸ್ತೆಯ ಬದಿಗೆ ಬುಟ್ಟಿ ಇಟ್ಟುಕೊಂಡು ಕೂತು, ಬಸ್ಸು ನಿಂತರೆ ಕಿಟಕಿಗೆ ಚಿಪ್ಪು ಎತ್ತಿ ಹಿಡಿಯುತ್ತಾಳೆ.

ಆಕೆಯ ಬಾಯಲ್ಲಿ ಎದುರಿನ ಎರಡು ಹಲ್ಲು ಇಲ್ಲ. ಕಾಶಿ ಎಂಬ ಕರಿ ಆಡಿಗೆ ಬಗ್ಗಿ ತೊಪ್ಪಲು ತಿನ್ನಿಸುವಾಗ ಅದು ತಲೆ ಎತ್ತಿತು, ಕೊಂಬು ನೆಟ್ಟಗೆ ಬಾಯಿಗೆ ಬಡಿಯಿತು. ಮನೆಯವರೆಲ್ಲ ಆಡು ಮಾರಿಬಿಡು ಎಂದರು. "ನನ್ನ ಹಲ್ಲು ತಗೊಂಡದ, ಇನ್ನ ಮ್ಯಾಲ ಅದು ನಮ್ಮ ರಕ್ತಸಂಬಂಧ" ಎಂದಳು ಅಂಬಮ್ಮ, ಬಾಯಿಗೆ ಸೆರಗು ಒತ್ತಿಕೊಂಡೇ. ಅಂದಿನಿಂದ ಆಕೆ 'ಸ' ಎಂದಾಗೆಲ್ಲ ಆ ಸಂದಿಯಿಂದ ಗಾಳಿ ಹೊರಟು ಒಂದು ಸಣ್ಣ ಸೀಟಿ ಬರುತ್ತದೆ. ಕುಕ್ಕರು ಕೂಗುವುದಕ್ಕಿಂತ ಸ್ವಲ್ಪ ಮೊದಲು ಬರುತ್ತದಲ್ಲ, ಅಂಥ ಸಪ್ಪಳ.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ಕಲಬುರಗಿಯ ವಿಜಯೀಂದ್ರ ಎಂಬ ಡ್ರಾಯಿಂಗ್ ಮಾಸ್ತರರು ನಮ್ಮ ಕಮಲಾಪುರದ ಮೇಲೆ ಒಂದು ಕಾರ್ಟೂನ್ ಸಿನೆಮಾ ಮಾಡುತ್ತಿದ್ದರು. 'ಕೆಂಪುಗೊನೆ' ಎಂದು ಹೆಸರು. ಒಬ್ಬ ಸಣ್ಣ ಹುಡುಗಿ ಕಲಬುರಗಿಯ ತನ್ನ ಅಜ್ಜಿಗೆ ಕೆಂಪು ಬಾಳೆಯ ಗೊನೆ ಒಯ್ಯಲು ನಡೆದುಕೊಂಡು ಹೊರಡುತ್ತಾಳೆ. ದಾರಿ ತೋರಿಸುತ್ತೇನೆಂದು ಒಂದು ಮುದಿ ಆಡು ಜೊತೆಗೆ ಬರುತ್ತದೆ, ಮೈಲಿಗೊಂದು ಹಣ್ಣು ಕೊಡಬೇಕೆಂಬ ಮಾತಿನ ಮೇಲೆ. ಊರು ಮುಟ್ಟುವಷ್ಟರಲ್ಲಿ ಹುಡುಗಿಯ ಹೆಗಲ ಮೇಲೆ ಬರೀ ದಿಂಡು ಉಳಿದಿರುತ್ತದೆ. ಅಷ್ಟೇ ಕಥೆ.

ಆ ಸಿನೆಮಾಕ್ಕೆ ಊರಿನ ಮಾತು, ಸಪ್ಪಳ ತುಂಬಿಕೊಂಡು ಹೋಗಲು ಗುಫ್ರಾನ್ ಎಂಬ ಹುಡುಗ ಮಷೀನು ಹಿಡಿದು ಬಂದಿದ್ದ. ಬಸ್ಸಿನ ಕಂಡಕ್ಟರು, ಹಿಟ್ಟಿನ ಗಿರಣಿ, ನಾಯಿ, ಯಾವುದನ್ನೂ ಬಿಡಲಿಲ್ಲ. ನಾನೂ ಆ ದಿನ ತೋಟದಲ್ಲಿದ್ದೆ, ಶೇಂಗಾ ಸುಲಿಯುತ್ತಿದ್ದೆ. ಅವನು ಅಂಬಮ್ಮನ ಎದುರಿಗೆ ಮಷೀನು ಹಿಡಿದು "ಅಮ್ಮಾ, ಏನರೆ ಮಾತಾಡ್ರಿ" ಎಂದ. ಆಕೆಯ ಬಾಯಿ ತುಂಬ ಎಲೆಅಡಿಕೆ. ಕೈ ಅಡ್ಡ ಮಾಡಿ, "ಸ್ವಲ್ಪ ಸೈರಣಿ ಇರಲಿ, ಸಣ್ಣಾಂವ. ಬಾಯಾಗಿಂದು ನುಂಗಿ ಹೇಳತೀನಿ" ಎಂದಳು. ಹುಡುಗ ನಕ್ಕು ಕೆಳಗೆ ಕೂತುಬಿಟ್ಟ. ಎರಡು ಮಧ್ಯಾಹ್ನ ಕೂತು ಆಡಿನ ಮಾತನ್ನೆಲ್ಲ ಆಕೆಯಿಂದಲೇ ಹೇಳಿಸಿದ. ಆ ಮೊದಲ ಮಾತಿನಲ್ಲಿ ಸಣ್ಣಾಂವ ಇದ್ದದ್ದು ಸಿನೆಮಾದ ಹುಡುಗಿಗೆಂದು ಸಣ್ಣಾಕಿ ಆಯಿತು, ಮಿಕ್ಕದ್ದು ಹಾಗೇ ಉಳಿಯಿತು.

ಹೋಗುವಾಗ ಕಾಗದ ತೆಗೆದು ಪೂರಾ ಹೆಸರು ಕೇಳಿದ, ಯಜಮಾನರ ಹೆಸರೂ ಸೇರಿಸಿ. ನಮ್ಮ ವಯಸ್ಸಿನವರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಂಬಮ್ಮ ನನ್ನ ಕಡೆ ನೋಡಿದಳು. ಭಾವನ ಹೆಸರು ನಾನೂ ಹೇಳಲಾರೆ, ಬರೆಯುವುದು ಬೇರೆ ಮಾತು. ಕೊನೆಗೆ ಆಕೆ, "ಬಾಳಿತೋಟದವರು ಅಂತ ಬರಕೋ ತಮ್ಮಾ. ಊರಾಗ ಎಲ್ಲಾರಿಗೂ ಗೊತ್ತಾಗ್ತದ" ಎಂದಳು. ಅವನು ಹಾಗೆಯೇ ಬರೆದುಕೊಂಡ.

ಸಿನೆಮಾ ಬಂತು. ಟಾಕೀಜಿನಲ್ಲಿ ಒಂದೇ ವಾರ ನಡೆದರೂ ಆಮೇಲೆ ಮಕ್ಕಳ ಮೊಬೈಲಿನಲ್ಲಿ ಊರೂರು ತಿರುಗಿತು. ಕೊನೆಗೆ ಹೆಸರುಗಳು ಬರುವಾಗ ಆಡಿನ ದನಿ ಎಂಬಲ್ಲಿ 'ಬಾಳಿತೋಟದವರು' ಎಂದಿತ್ತು. ಅದು ಯಾವುದೋ ನಾಟಕದ ಕಂಪನಿ ಎಂದು ಮಂದಿ ತಿಳಿದರು. ಅಂಬಮ್ಮ "ಆ ಆಡು ನಾನೇ" ಎಂದರೆ ಊರವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕಣ್ಣಾರೆ ಕಂಡಿದ್ದೇನೆ ಎಂದರೆ, "ನೆಗೆಣ್ಣಿಗೆ ನೆಗೆಣ್ಣಿ ಸಾಕ್ಷಿ, ಭೇಷ್ ಅದ" ಎಂದರು. ಭಾವನಂತೂ ಊಟ ಮುಗಿಸಿ ಕೈ ತೊಳೆದು ಹೇಳಿದರು: "ನಲವತ್ತು ವರ್ಷ ಆತು ನಿನ್ನ ದನಿ ಕೇಳಾಕತ್ತು. ಆ ಆಡು ಎಷ್ಟ್ ಮೆತ್ತಗ ಮಾತಾಡ್ತದ ನೋಡು. ನೀ ಯಾವಾಗ ಮಾತಾಡಿದಿ ಹಾಂಗ?"

"ನನಗ ಕೊಂಬಿಲ್ಲಂತ ನಿಮ್ಮ ಬಾಯಾಗ ಹಲ್ಲು ಉಳದಾವ" ಎಂದಳು ಅಂಬಮ್ಮ. ನಗುತ್ತಲೇ ಎಂದಳು. ಆದರೆ ರಾತ್ರಿ ಪಕ್ಕದಲ್ಲಿ ಮಲಗಿದಾಗ ನನಗೆ ಹೇಳಿದ್ದು ಬೇರೆ. "ತಂಗಿ, ನನಗೇನೂ ಬ್ಯಾಡ. ಸುಳ್ಳಿ ಅಂತಾರಲ್ಲ, ಅದೊಂದು ಹೋಗಬೇಕು ನೋಡು."

ಈ ವರ್ಷ ಸಿನೆಮಾಕ್ಕೆ ಹತ್ತು ತುಂಬಿತು. ಅದನ್ನು ನೋಡುತ್ತ ಬೆಳೆದ ಹುಡುಗ ಹುಡುಗಿಯರದು ಒಂದು ಬಳಗ ಇದೆಯಂತೆ. ಅದಕ್ಕೆ ಮುಂದಾಳು ಕಲಬುರಗಿಯ ರೋಜಾ ಬಡಾವಣೆಯ ಹುಡುಗಿ, ತೂಬಾ ಎಂದು, ಡಿಗ್ರಿ ಓದುತ್ತಾಳೆ. ಕಥೆ ಎಲ್ಲಿ ನಡೆಯಿತೋ ಅಲ್ಲೇ ಹಬ್ಬ ಮಾಡಬೇಕೆಂದು ಕಮಲಾಪುರದ ಶಾಲೆಯ ಮೈದಾನ ಕೇಳಿಕೊಂಡರು. ಆಡಿಗೆ ದನಿ ಕೊಟ್ಟವರು ಎಲ್ಲಿದ್ದರೂ ವೇದಿಕೆಗೆ ಬಂದು ಆಡಿನ ಆ ಮೊದಲ ಮಾತು ಹೇಳಿ ತೋರಿಸಿರಿ ಎಂದು ಮೊಬೈಲಿನಲ್ಲಿ ಹಾಕಿದರು. ಗುಫ್ರಾನನನ್ನೂ ಕೇಳಿದರಂತೆ. ಅವನು ಈಗ ದುಬೈಯಲ್ಲಿದ್ದಾನೆ. ಬಾಳೆತೋಟದಲ್ಲಿ ಒಬ್ಬ ಅಮ್ಮ ಇದ್ದಳು, ಮುಖ ನೆನಪಿಲ್ಲ, ಹಣ್ಣು ಮಾತ್ರ ಮರೆತಿಲ್ಲ ಎಂದನಂತೆ.

ಸುದ್ದಿ ತಿಳಿದ ಮರುದಿನವೇ ಅಂಬಮ್ಮ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಕೂತವಳೇ, "ಸಾವಿರ ಮಂದಿ ಮುಂದ ಈ ತೂತು ಬಾಯಿ ತಗೊಂಡು ಹ್ಯಾಂಗ ನಿಂದರಲಿ ತಂಗಿ?" ಎಂದಳು. ಹಬ್ಬಕ್ಕೆ ಮನೆಗೆ ಸುಣ್ಣ ಹಚ್ಚುತ್ತೇವೆ, ಮಂದಿ ಎದುರು ನಿಲ್ಲಲು ಹೊಸ ಸೀರೆ ಉಡುತ್ತೇವೆ. ಹಲ್ಲೂ ಹಾಗೆಯೇ ಎಂದು ನನಗೂ ಅನಿಸಿತು. ನಾನೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ತಪ್ಪು ನನ್ನದೂ ಇದೆ. ಮೂರು ಸಲ ತಿರುಗಾಡಿದ ಮೇಲೆ ಎರಡು ಹಲ್ಲು ಬಂದವು, ಹಾಕಿ ತೆಗೆಯುವಂಥವು, ಗುಲಾಬಿ ಬಣ್ಣದ ಸಣ್ಣ ತಟ್ಟೆಗೆ ಅಂಟಿಕೊಂಡಿದ್ದವು. ಅಂಬಮ್ಮ ಕನ್ನಡಿ ನೋಡಿ ನೋಡಿ ನಕ್ಕಳು. ಮನೆಗೆ ಬಂದು ಒಣಗಿ ಗರಿಗರಿಯಾದ ಕಟಿರೊಟ್ಟಿಯನ್ನು ಎದುರಿನ ಹಲ್ಲಿನಿಂದಲೇ ಕಡಿದು, "ಕೇಳಿಸ್ತಾ?" ಎಂದಳು. ಕೇಳಿಸಿತು. ಕಟಂ ಎಂದ ರೊಟ್ಟಿ ಕೇಳಿಸಿತು. ಆಕೆಯ ಮಾತಿನಿಂದ ಹೋದದ್ದು ಆಗ ನನ್ನ ಕಿವಿಗೆ ಬೀಳಲಿಲ್ಲ.

ಹಬ್ಬದ ದಿನ ಭಾನುವಾರ. ಮೈದಾನ ತುಂಬಿತ್ತು. ಕಲಬುರಗಿ, ಬೀದರ್, ಹೈದರಾಬಾದಿನಿಂದ ಬಂದ ದೊಡ್ಡ ದೊಡ್ಡ ಹುಡುಗರು ತಲೆಗೆ ರಟ್ಟಿನ ಆಡಿನ ಕಿವಿ ಕಟ್ಟಿಕೊಂಡು ತಿರುಗುತ್ತಿದ್ದರು. ಸಿನೆಮಾದಲ್ಲಿ ಬರುವ ಗಿರಣಿ, ಬಸ್ ಸ್ಟ್ಯಾಂಡು, ಬೇವಿನ ಮರ, ಎಲ್ಲದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಗಿರಣಿಯವನು ಹತ್ತು ವರ್ಷದಿಂದ ಸಿನೆಮಾ ನೋಡಿಲ್ಲವಾದರೂ ಆ ದಿನ ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ವೇದಿಕೆಯ ಮೇಲೆ ಗೊನೆಗಳನ್ನು ತೂಗುಹಾಕಿದ್ದರು, ಭಾವನ ತೋಟದವೇ. ಡ್ರಾಯಿಂಗ್ ಮಾಸ್ತರರು ಮುಂದಿನ ಸಾಲಿನಲ್ಲಿ ಕೂತಿದ್ದರು. ತಲೆ ಬೆಳ್ಳಗಾಗಿತ್ತು.

ನಾವೇ ಆಡು ಎಂದು ನಾಲ್ವರು ಮೇಲೆ ಹತ್ತಿದರು. ರಿಟೈರಾದ ಕಂಡಕ್ಟರು ದೇವೀಂದ್ರಪ್ಪ ಬರೀ "ಬ್ಯಾಂ" ಎಂದು ಒದರಿ ಚಪ್ಪಾಳೆ ಗಿಟ್ಟಿಸಿ ಇಳಿದರು. ಮತ್ತಿಬ್ಬರು ಹುಡುಗಿಯರು ದನಿ ನಡುಗಿಸಿ ಮುದುಕಿಯಂತೆ ಹೇಳಿದರು. ಕೊನೆಗೆ ಅಂಬಮ್ಮ. ಇಳಕಲ್ ಸೀರೆ ಉಟ್ಟಿದ್ದಳು. ಮೈಕಿನ ಎದುರು ನಿಂತು ಬಾಯಿ ತುಂಬ ಹಲ್ಲು ತೋರಿಸಿ ನಕ್ಕು ಹೇಳಿದಳು: "ಸ್ವಲ್ಪ ಸೈರಣಿ ಇರಲಿ, ಸಣ್ಣಾಕಿ. ಬಾಯಾಗಿಂದು ನುಂಗಿ ಹೇಳತೀನಿ."

ಮಾತು ಮಾತಿನ ಹಾಗೆ ಬಂತು. ಅಷ್ಟೇ. ತೂಬಾ ಕಣ್ಣು ಮುಚ್ಚಿ ಕೇಳಿ, ತಲೆ ಅಲ್ಲಾಡಿಸಿದಳು. "ಭಾಳ ಛಲೋ ಹೇಳಿದ್ರಿ ಅಜ್ಜಿ. ಖರೇ ಅಂದ್ರ ಭಾಳ ಹತ್ರ ಅದ" ಎಂದು ಪ್ರೀತಿಯಿಂದಲೇ ಒಂದು ರಟ್ಟಿನ ಕಿವಿ ತಂದು ಆಕೆಯ ತಲೆಗೆ ಕಟ್ಟಿದಳು. ಬಂದವರಿಗೆಲ್ಲ ಕಟ್ಟುತ್ತಿದ್ದ ಅದೇ ಕಿವಿ.

ಅಂಬಮ್ಮ ಇಳಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಕಿವಿ ತೆಗೆಯುವುದೂ ಆಕೆಗೆ ನೆನಪಾಗಲಿಲ್ಲ. ಹಿಂದಿನ ಸಾಲಿನಿಂದ ಯಾರೋ, "ಆಡು ತನ್ನ ದನಿ ತಾನ ಮರತದಲೇ" ಎಂದರು. ಭಾವ ಅತ್ತ ತಿರುಗಿ ನೋಡಿದರು.

ನಾನು ಕಣ್ಣು ಮುಚ್ಚಿ ಆಕೆ ಹೇಳಿದ್ದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಕೇಳಿದೆ. ಸ್ವಲ್ಪ, ಸೈರಣಿ, ಸಣ್ಣಾಕಿ. ಮೂರು ಕಡೆ ಸೀಟಿ ಬರಬೇಕಿತ್ತು, ಸಿನೆಮಾದಲ್ಲಿ ಆಡಿನದೇ ಸಪ್ಪಳ ಎಂದು ಎಲ್ಲರೂ ತಿಳಿದಿದ್ದ ಆ ಸೀಟಿ. ಒಂದೂ ಬರಲಿಲ್ಲ. ಬಾಗಿ ಕಿವಿಯಲ್ಲಿ ಹೇಳಿದೆ, "ಅಕ್ಕಾ, ಹಲ್ಲು ತಗಿ."

"ಹುಚ್ಚ ಹಿಡದದೇನ ನಿನಗ? ಇಷ್ಟು ಮಂದ್ಯಾಗ?"

"ಸೀಟಿ ಹೋಗ್ಯದ ಅಕ್ಕಾ. ಈ ಹಲ್ಲು ಅಡ್ಡ ನಿಂತಾವ."

ಆಕೆ ನಾಲಗೆಯಿಂದ ಹಲ್ಲು ಮುಟ್ಟಿ ನೋಡಿಕೊಂಡಳು. "ಸ" ಎಂದಳು ಮೆಲ್ಲಗೆ. ಮತ್ತೊಮ್ಮೆ "ಸ" ಎಂದಳು. ತನಗೂ ತಿಳಿಯಿತು. ಆದರೆ ಕೈ ಬಾಯಿಯವರೆಗೆ ಹೋಗಿ ಹಿಂದೆ ಬಂತು. ಗಂಡ ಕೂತಿದ್ದಾನೆ, ಬೀಗರು ಕೂತಿದ್ದಾರೆ, ಊರೇ ಕೂತಿದೆ.

ಅಷ್ಟರಲ್ಲಿ ತೂಬಾ ಮೈಕು ಹಿಡಿದಳು. "ನಾವು ಹುಡುಕಿದ ದನಿ ಸಿಗಲಿಲ್ರಿ. ಆಡು ಯಾರಂತ ಇನ್ನ ಯಾರಿಗೂ ಗೊತ್ತಾಗೋದಿಲ್ಲ ಅಂತ ತಿಳ್ಕೊಂಡು ಈಗ ಕೇಕ್ ಕತ್ತರಸೋಣ..."

ಅಂಬಮ್ಮ ಎದ್ದು ನಿಂತಳು. ಎರಡು ಬೆರಳು ಬಾಯಿಗೆ ಹಾಕಿ, ಕಳಕ್ಕನೆ ಹಲ್ಲು ಕಿತ್ತು ನನ್ನ ಅಂಗೈಯಲ್ಲಿ ಇಟ್ಟಳು. ಇನ್ನೂ ಬೆಚ್ಚಗಿದ್ದವು. ಮೈಕಿಲ್ಲದೆ, ನಿಂತಲ್ಲಿಂದಲೇ, ಬಸ್ಸಿನ ಹಿಂದಿನ ಕಿಟಕಿಗೂ ಮುಟ್ಟುವ ದನಿಯಲ್ಲಿ ಅಂದಳು: "ಸ್ವಲ್ಪ ಸೈರಣಿ ಇರಲಿ, ಸಣ್ಣಾಕಿ. ಬಾಯಾಗಿಂದು ತಗದು ಹೇಳತೀನಿ."

ನುಂಗಿ ಎನ್ನುವಲ್ಲಿ ತೆಗೆದು ಎಂದಳು, ನಿಜವನ್ನೇ ಹೇಳಿದಳು. ಆದರೆ ಮೂರು ಸೀಟಿಯೂ ಬಂದವು. ಡ್ರಾಯಿಂಗ್ ಮಾಸ್ತರರು ಕುರ್ಚಿ ಬಿಟ್ಟು ಎದ್ದು, ಸಾಲು ದಾಟಿ ಬಂದು ಆಕೆಯ ಕಾಲು ಮುಟ್ಟಿದರು. ಆಮೇಲೆ ಎದ್ದ ಗದ್ದಲ ಹೇಳತೀರದು. ತೂಬಾ ಓಡಿ ಬಂದು ಆಕೆಯ ಕೊರಳಿಗೆ ಜೋತುಬಿದ್ದು, "ಅಜ್ಜಿ, ನನಗ ಬಾಳಿತೋಟದವರು ಅಂದ್ರ ಹತ್ತು ಮಂದಿ ಅನಸಿತ್ತು" ಎಂದು ಅತ್ತಳು.

"ಮನಿ ಕೆಲಸ ನೋಡಿದ್ರ ಹತ್ತು ಮಂದಿದೇ ಅದ ಬಿಡು" ಎಂದಳು ಅಂಬಮ್ಮ.

ಸಿನೆಮಾದಲ್ಲಿ ಹೆಸರು ತಿದ್ದಬೇಕು ಎಂದು ಮಾಸ್ತರರು ಅಲ್ಲೇ ಕಾಗದ ತೆಗೆದು ಪೂರಾ ಹೆಸರು ಕೇಳಿದರು. ಆಕೆ "ಅಂಬಮ್ಮ" ಎಂದು, ಮುಂದಕ್ಕೆ ಹೋಗಲಾರದೆ, ಭಾವನ ಕಡೆ ನೋಡಿದಳು. ಮಾಸ್ತರರೂ ಅತ್ತ ತಿರುಗಿ, "ನೀವು ಯಾರ್ರಿ ಯಜಮಾನ್ರ?" ಎಂದರು. ಭಾವ ಈ ಸಲ ಊಟದವರೆಗೆ ಕಾಯಲಿಲ್ಲ.

"ಅಂಬಮ್ಮನ ಮನ್ಯಾವ ಅಂತ ಬರಕೋರಿ" ಎಂದರು. "ಊರಾಗ ಎಲ್ಲಾರಿಗೂ ಗೊತ್ತಾಗ್ತದ."

ಆ ದಿನದ ಫೋಟೊಗಳಲ್ಲೆಲ್ಲ ಆಕೆ ಆಡಿನ ಕಿವಿ ಕಟ್ಟಿಕೊಂಡು, ಸಂದಿ ಕಾಣುವಂತೆ ಬಾಯಿಬಿಟ್ಟು ನಗುತ್ತಿದ್ದಾಳೆ. ನಾನು ಸಂಜೆಯ ಬಸ್ಸಿಗೆ ಕುಸನೂರಿಗೆ ಬಂದು, ಸೀರೆ ಬದಲಿಸುವಾಗ ಸೆರಗಿನ ತುದಿಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಬಿಚ್ಚಿದರೆ ಎರಡು ಹಲ್ಲು, ಗದ್ದಲದಲ್ಲಿ ನಾನೇ ಕಟ್ಟಿಕೊಂಡು ಮರೆತದ್ದು. ಗಾಬರಿಯಾಗಿ ಫೋನು ಮಾಡಿದೆ.

"ಅಲ್ಲೇ ಇಟ್ಟಿರು" ಎಂದಳು. "ಕಟಿರೊಟ್ಟಿ ಮಾಡಿದ ದಿನ ಹೇಳು, ಬಸ್ ಹತ್ತಿ ಬರತೀನಿ." ಬಸ್ ಎನ್ನುವಲ್ಲಿ ಸೀಟಿ ಫೋನಿನಲ್ಲೂ ಸ್ಪಷ್ಟವಾಗಿ ಕೇಳಿಸಿತು.