ಉಸಿ ಓರ್ಪಾ ಬೀಗ ಹಾಕಿದ ಸಮುದ್ರ

ವಾಯ್ಲೆಸಿ ಎಂಬ ದ್ವೀಪದೂರಿನ ದಂಡೆಯಲ್ಲಿ ಒಂದು ಕಂಬ, ಅದಕ್ಕೆ ಕಟ್ಟಿದ ತೆಂಗಿನ ಎಳೆಗರಿ. ಇದನ್ನು ಬರೆಯುತ್ತಿರುವವನು ಊರಿಗೆ ಬಂದ ಹೊಸತರಲ್ಲಿ ಆ ಗರಿ ನೋಡಿ ಯಾರದೋ ಮನೆಯಲ್ಲಿ ಮದುವೆ ಎಂದುಕೊಂಡಿದ್ದ. ಕಂಬದ ಬುಡದಲ್ಲಿ ಬೆತ್ತ ಹಿಡಿದು ಅಡಿಕೆ ಜಗಿಯುತ್ತಿದ್ದ ದಪ್ಪ ಹೆಂಗಸನ್ನು ಹೆಣ್ಣಿನ ತಾಯಿ ಎಂದು ತಿಳಿದು, ಮದುವೆ ಯಾವತ್ತು ಎಂದು ಹಲ್ಲುಕಿರಿದು ವಿಚಾರಿಸಿದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಮರಳಿಗೆ ಕೆಂಪಗೆ ಉಗಿದು, "ಆ ಕಂಬ ದಾಟಿ ನೀರಿಗೆ ಕಾಲಿಡು. ನಿಂದು ಇವತ್ತೇ ಮಾಡಿ ಮುಗಿಸ್ತೀನಿ," ಎಂದಳು.

ಅವಳೇ ಉಸಿ ಓರ್ಪಾ. ಉಸಿ ಎಂದರೆ ಅಕ್ಕ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಅಕ್ಕರೆಯಿಂದಲ್ಲ, ಬೆತ್ತ ಕಂಡು. ಸಮುದ್ರದ ಕಾವಲು ಅವಳ ಮನೆತನದ ಕೆಲಸ. ಗರಿ ಕಟ್ಟಿದರೆ ಸಮುದ್ರಕ್ಕೆ ಬೀಗ ಬಿದ್ದ ಹಾಗೆ. ಬಂಡೆಗಳಿಗೆ ಕಚ್ಚಿಕೊಂಡು ಬೆಳೆಯುವ ಲೋಲಾ ಚಿಪ್ಪನ್ನು ಯಾರೂ ಮುಟ್ಟುವಂತಿಲ್ಲ. ಚಿಪ್ಪು ಅಂಗೈಯಗಲ ಬೆಳೆದ ಮೇಲೆ ಅವಳು ಶಂಖ ಊದಿ ಹಳೆಯ ನುಡಿಯಲ್ಲಿ ಕೂಗುತ್ತಾಳೆ. ಆಗ ಇಡೀ ಊರು ಚೀಲ ಹಿಡಿದು ನೀರಿಗೆ ಬೀಳುತ್ತದೆ. ಮಾಂಸ ಮನೆಗೆ, ಚಿಪ್ಪು ಅಂಗಿಯ ಗುಂಡಿ ಮಾಡುವವರಿಗೆ.

ಇಷ್ಟಕ್ಕೇ ಅವಳನ್ನು ಋಷಿಪತ್ನಿ ಎಂದು ಯಾರೂ ತಿಳಿಯಬೇಕಾಗಿಲ್ಲ. ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುವವಳು ಅವಳೇ. ನೆರೆಮನೆಯ ಕೋಳಿ ತನ್ನ ಅಂಗಳದಲ್ಲಿ ಮೊಟ್ಟೆಯಿಟ್ಟರೆ ಅದು ದೇವರು ಕೊಟ್ಟದ್ದು ಎನ್ನುತ್ತಾಳೆ. ಆದರೆ ಚಿಪ್ಪಿನ ವಿಷಯಕ್ಕೆ ಬಂದರೆ ದೇವರು ಕೊಟ್ಟರೂ ಬಿಡುವವಳಲ್ಲ.

ಹೋದ ವರ್ಷ ಗಂಡ ಮಾರ್ಟೆನ್‌ನ ಚಡ್ಡಿ ಒಗೆಯುವಾಗ ಜೇಬಿನಲ್ಲಿ ಎರಡು ಪುಟ್ಟ ಲೋಲಾ ಸಿಕ್ಕವು. ರಾತ್ರಿ ಸೋಪಿ ಹೆಂಡ ಕುಡಿಯುವಾಗ ನಂಜಿಕೊಳ್ಳಲು ತಂದದ್ದು. ಯಾರೂ ನೋಡಿರಲಿಲ್ಲ, ಬಾಣಲೆಗೆ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅವನ್ನು ದಾರಕ್ಕೆ ಪೋಣಿಸಿ ಗಂಡನ ಕೊರಳಿಗೆ ಕಟ್ಟಿದಳು. ಪದ್ಧತಿಯಂತೆ ಹಿಂದೆ ತಮಟೆ ಬಡಿಸುತ್ತ, 'ನಾನು ಕದ್ದೆ, ನೀವು ಕದಿಯಬೇಡಿ' ಎಂದು ಅವನ ಬಾಯಿಂದಲೇ ಹಳೆಯ ನುಡಿಯಲ್ಲಿ ಕೂಗಿಸುತ್ತ, ಊರೆಲ್ಲ ಸುತ್ತಿಸಿದಳು. ಅಂದಿನಿಂದ ಮಾರ್ಟೆನ್ ತಂಗಿಯ ಮನೆ ಸೇರಿದ್ದಾನೆ. ಹೆಂಡತಿಯ ಮನೆ ಮುಂದೆ ಹಾಯುವಾಗ ಕತ್ತು ಸಮುದ್ರದ ಕಡೆಗೇ ತಿರುಗಿರುತ್ತದೆ.

ಹೀಗಿರುವಾಗ ರಾಜಧಾನಿಯಿಂದ ಡಾಕ್ಟರ್ ಪ್ರಸೋಜೊ ಬಂದಿಳಿದ. ಕಾಯಿಲೆ ನೋಡುವ ಡಾಕ್ಟರಲ್ಲ. ಅಂಥವನು ಬಂದಿದ್ದರೆ ಊರಿಗೆ ಉಪಯೋಗವಾದರೂ ಆಗುತ್ತಿತ್ತು. ಇವನು ಮೂಲನಿವಾಸಿಗಳ ಜ್ಞಾನವನ್ನು ಸುಸ್ಥಿರ ಅಭಿವೃದ್ಧಿಗೆ ಜೋಡಿಸುವ ಡಾಕ್ಟರ್. ಬಂದವನೇ ಈ ಮಾತನ್ನೇ ಬರೆದ ದೊಡ್ಡ ಬ್ಯಾನರನ್ನು ಕಟ್ಟಲು ಗಟ್ಟಿಯಾದ ಜಾಗ ಹುಡುಕಿದ. ದಂಡೆಯ ಕಂಬ ಸಿಕ್ಕಿತು. ಮೂಲನಿವಾಸಿಗಳ ಜ್ಞಾನದ ಹಿಂದೆ ಗರಿಗಳು ಮುಚ್ಚಿಹೋದವು.

ಆಮೇಲೆ ಸಭೆ. ಜನರ ಮಾತನ್ನು ಆಲಿಸುವುದು ಎಷ್ಟು ಮುಖ್ಯ ಎಂದು ಅವನು ಮಧ್ಯಾಹ್ನವೆಲ್ಲ ಮಾತಾಡಿದ. ಜನ ಆಲಿಸಿದರು. ಊರ ಮುಖ್ಯಸ್ಥ ಬಾಪಾ ರಾಜಾ ಹೊಸ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಬೆವರುತ್ತ, ಅರ್ಥವಾಗದ ಕಡೆಯಲ್ಲೆಲ್ಲ ತಲೆಯಾಡಿಸಿದ. ಅಂದರೆ ಇಡೀ ಭಾಷಣಕ್ಕೆ. ಊಟಕ್ಕೆ ಸಾಗು ಮರದ ಹಿಟ್ಟಿನ ಅಂಟು ಗಂಜಿ, ಹಳದಿ ಮೀನು ಸಾರು. ಎರಡು ಕಡ್ಡಿಗೆ ಸುತ್ತಿ ಸುರಿದುಕೊಳ್ಳಬೇಕಾದ ಗಂಜಿಗೆ ಡಾಕ್ಟರ್ ಫೋರ್ಕ್ ಕೇಳಿದ, ಅರ್ಧ ಗಂಜಿ ಗಡ್ಡಕ್ಕೆ ಉಣಿಸಿದ, ಅದ್ಭುತ ಎಂದ.

ಊಟವಾದ ಮೇಲೆ ಅಸಲು ಮಾತು ಬಂತು. ಬೀಗ ತೆಗೆಯುವ ಶಾಸ್ತ್ರ ಅವನ ಕ್ಯಾಮೆರಾಗೆ ಬೇಕಿತ್ತು. ರಾಜಾ ಆಗಲೇ ಹೂಂ ಅಂದಾಗಿತ್ತು. ಉಸಿಯನ್ನು ತನ್ನ ಮನೆಯ ಜಗಲಿಗೆ ಕರೆಸಿ, ಬೆಣ್ಣೆ ಹಚ್ಚುವ ದನಿಯಲ್ಲಿ ಹೇಳಿದ: "ಬರೀ ನಾಟಕ ಕಣೆ ಓರ್ಪಾ. ಬೆಳಿಗ್ಗೆ ಒಂದ್ಸಲ ಶಂಖ ಊದಿ ಆ ಮಾತು ಕೂಗ್ಬಿಡು. ಅವ್ರು ಹೋದ್ಮೇಲೆ ಗರಿ ಮತ್ತೆ ಕಟ್ಟಿದ್ರಾಯ್ತು."

"ಬಾಪಾ, ನೀವು ಪಾದ್ರಿ ಮುಂದೆ ನಿಂತು ಹೂಂ ಅಂದ್ರಲ್ಲ, ಅದೂ ನಾಟಕಕ್ಕೇ ಅಂದಿದ್ದು ಅಂತ ಹೇಳಿ ನಾಳೆ ಇನ್ನೊಬ್ಳನ್ನ ಕರ್ಕೊಂಡು ಬನ್ನಿ. ಒಳಗಡೆ ಒಪ್ತಾರಾ ಕೇಳಿ ನೋಡಿ."

ಒಳಗಡೆ ಪಾತ್ರೆಯ ಸದ್ದು ನಿಂತಿತು. ರಾಜಾನ ಬೆಣ್ಣೆಯೂ ಕರಗಿತು. ನಾಳೆ ಅವಳು ಕೂಗದಿದ್ದರೆ ಬೆತ್ತವನ್ನೂ ಶಂಖವನ್ನೂ ತನ್ನ ಭಾವಮೈದನ ಕೈಗೆ ಕೊಡುವುದಾಗಿ ಹೇಳಿ ಎದ್ದುಹೋದ. ಆ ಭಾವಮೈದ ಶಂಖವನ್ನು ಯಾವ ತುದಿಯಿಂದ ಊದುವುದೆಂದೂ ಅರಿಯದವನು.

ಶಂಖ ಊದಿ ಕೂಗಿದ ಮಾತು ಯಾರ ಬಾಯಿಂದ ಬಂದರೂ, ಯಾವ ಕಾರಣಕ್ಕೆ ಬಂದರೂ, ಬೀಗ ತೆಗೆದ ಹಾಗೆಯೇ. ಇದು ಊರಿನ ಪ್ರತಿಯೊಬ್ಬರಿಗೂ ಗೊತ್ತು. ಆದ್ದರಿಂದಲೇ ಆ ಸಂಜೆ ನಾಟಕಕ್ಕಾಗಿ ಎಲ್ಲರೂ ನಿಜವಾದ ಚೀಲಗಳನ್ನು ಹುಡುಕಿ ತೆಗೆದಿಟ್ಟರು. ಚಿಪ್ಪು ಇನ್ನೂ ಎರಡು ಬೆರಳಗಲ. ರಾಜಾನ ಅಪ್ಪ ಒಮ್ಮೆ ಹೀಗೇ ಅವಧಿಗೆ ಮೊದಲೇ ಬೀಗ ತೆಗೆಸಿದ್ದರಿಂದ ಊರು ವರ್ಷಗಟ್ಟಲೆ ಬೋಳು ಬಂಡೆ ನೋಡುತ್ತ ಮರಗೆಣಸು ತಿಂದಿತ್ತು. ಚೀಲ ತೆಗೆದಿಟ್ಟವರಲ್ಲಿ ಒಬ್ಬರಿಗಾದರೂ ಅದು ನೆನಪಾಗಲಿಲ್ಲ.

ಬೆಳಿಗ್ಗೆ ದಂಡೆಯ ತುಂಬ ಜನ. ಉಸಿ ಬಂದು ಕಂಬದ ಬುಡದಲ್ಲಿ ಕುಳಿತಳು, ಶಂಖವನ್ನು ತೊಡೆಯ ಕೆಳಗಿಟ್ಟುಕೊಂಡಳು. ರಾಜಾ ಬೇಡಿದ, ಗದರಿದ. ಅವಳು ಅಡಿಕೆ ಜಗಿದಳು. ಇತ್ತ ಡಾಕ್ಟರಿಗೆ ಬೆಳಕಿನ ಚಿಂತೆ. ಇಂಥ ಎಳೆಬಿಸಿಲು ಮತ್ತೆ ಸಿಗುವುದಿಲ್ಲವಂತೆ. ಕಾದು ಬೇಸತ್ತು, ಪ್ಯಾಂಟು ಮಡಚಿ, ಕ್ಯಾಮೆರಾದವನಿಗೆ ಸನ್ನೆ ಮಾಡಿ, ಕಂಬ ದಾಟಿ ನೀರಿಗಿಳಿದ.

ಉಸಿ ಬೇಡ ಎಂದು ಒಂದು ಕೂಗು ಹಾಕಿದ್ದರೆ ಅವನು ಅಲ್ಲೇ ನಿಲ್ಲುತ್ತಿದ್ದ. ಹಾಕಲಿಲ್ಲ. ಜಗಿಯುವುದನ್ನು ಮಾತ್ರ ನಿಲ್ಲಿಸಿದಳು. ಡಾಕ್ಟರ್ ಮೊಣಕಾಲಾಳದಲ್ಲಿ ತಡಕಾಡಿ, ಒಂದು ಪುಟ್ಟ ಲೋಲಾ ಕಿತ್ತು, ಕ್ಯಾಮೆರಾದ ಕಡೆ ಎತ್ತಿ ಹಿಡಿದು ನಕ್ಕ. ಅವಳು ಎದ್ದಳು.

"ಸಿಕ್ಕಿದ," ಎಂದಳು.

ರಾಜಾ ನಡುವೆ ಬಂದ. ಅವರು ಅತಿಥಿಗಳು, ಪದ್ಧತಿ ಗೊತ್ತಿಲ್ಲದವರು, ಊರಿಗೆ ಒಳ್ಳೆಯದು ಮಾಡಲು ಬಂದವರು ಎಂದು ಗೋಗರೆದ. ಜನ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕೈಯಲ್ಲಿ ಖಾಲಿ ಚೀಲ. ಇವನನ್ನು ಬಿಟ್ಟರೆ ನಾಳೆಯಿಂದ ಬೆತ್ತ ದನ ಅಟ್ಟಲಿಕ್ಕೂ ಬಾರದೆಂದು ಉಸಿಗೆ ಗೊತ್ತಿತ್ತು. ಗಂಡನನ್ನು ಊರ ಮುಂದೆ ಕಳೆದುಕೊಂಡದ್ದೂ ವ್ಯರ್ಥ. ಅವಳು ಬಾಯಿ ತೆರೆಯುವ ಮೊದಲೇ ಗುಂಪಿನ ಹಿಂದಿನಿಂದ ಮಾರ್ಟೆನ್ ಬಂದ. ಕೈಯಲ್ಲಿ ಒಂದು ದಾರ.

"ನನ್ನ ಕತ್ತಿಗೆ ಕಟ್ಟಿದ್ದು," ಎಂದ ರಾಜಾನಿಗೆ. "ಅವತ್ತು ನೀವೇ ಎಲ್ರಿಗಿಂತ ಜಾಸ್ತಿ ನಕ್ಕಿದ್ದು ಬಾಪಾ. ಈಗ್ಲೂ ನಗಿ ನೋಡೋಣ."

ಯಾರೋ ಕಿಸಕ್ಕೆಂದರು. ಅಷ್ಟು ಸಾಕಾಯಿತು, ಅಂದು ಮಾರ್ಟೆನ್‌ನ ಹಿಂದೆ ನಡೆದವರೆಲ್ಲ ಚೀಲ ಕೆಳಗೆ ಹಾಕಿ ತಮಟೆ ತರಲು ಓಡಿದರು.

ಡಾಕ್ಟರ್ ದಂಡೆಗೆ ಬಂದು, ಗಂಡ ಹೆಂಡತಿ ಇಬ್ಬರೂ ಸೇರಿ ಚಿಪ್ಪನ್ನು ದಾರಕ್ಕೆ ಪೋಣಿಸುವುದನ್ನು ಕಂಡ. ಕಣ್ಣಲ್ಲಿ ನೀರು ಬಂತು. ಕತ್ತು ಬಗ್ಗಿಸಿ ಹಾರ ಹಾಕಿಸಿಕೊಂಡ. ಹಳೆಯ ನುಡಿಯ ಮಾತನ್ನು ಮಾರ್ಟೆನ್ ಹೇಳಿಕೊಟ್ಟ. ಡಾಕ್ಟರ್ ಉಚ್ಚಾರಣೆಯನ್ನು ಮತ್ತೆ ಮತ್ತೆ ತಿದ್ದಿಸಿಕೊಂಡ, ಅರ್ಥ ಮಾತ್ರ ಕೇಳಲಿಲ್ಲ. ತಮಟೆಯ ಮುಂದೆ ಎರಡೂ ಕೈ ಬೀಸುತ್ತ, ತಾನು ಕದ್ದೆನೆಂದು ಮನೆಮನೆಯ ಬಾಗಿಲಿಗೆ ಕೂಗಿ ಹೇಳುತ್ತ, ಚರ್ಚಿನ ತನಕ ಮೆರೆದ. ಮುದುಕಿಯರು ಕಿಟಕಿಯಿಂದ ಛೀಮಾರಿ ಹಾಕಿದರು. ಅವರಿಗೂ ಕೈ ಮುಗಿದ. ಕ್ಯಾಮೆರಾದವನು ಒಂದನ್ನೂ ಬಿಡದೆ ಹಿಡಿದ.

ಬೀಗ ಮುರಿದವನು ಸಿಕ್ಕಿದರೆ ಸಮುದ್ರಕ್ಕೆ ಹೊಸದಾಗಿ ಬೀಗ ಬೀಳಬೇಕು, ಅದನ್ನು ತಪ್ಪಿಸಲು ರಾಜಾನಿಗೂ ಅಧಿಕಾರವಿಲ್ಲ. ಮೆರವಣಿಗೆ ದಂಡೆಗೆ ಮರಳುವಷ್ಟರಲ್ಲಿ ಉಸಿ ಬ್ಯಾನರ್ ಕಿತ್ತು ಹೊಸ ಗರಿ ಕಟ್ಟಿದ್ದಳು. ಬ್ಯಾನರಿನ ಬಟ್ಟೆ ಗಟ್ಟಿ. ಅದರ ಮೇಲೆ ಈಗ ಅವಳ ಲವಂಗ ಒಣಗುತ್ತದೆ. ಮಾರ್ಟೆನ್ ಊಟಕ್ಕೆ ಬರುತ್ತಾನೆ. ಮಲಗಲು ಇನ್ನೂ ತಂಗಿಯ ಮನೆಗೇ ಹೋಗುತ್ತಾನೆ.

ದೋಣಿ ಹತ್ತುವ ಮುನ್ನ ಡಾಕ್ಟರ್, ಕೊರಳಿನ ಚಿಪ್ಪು ಕಾಣುವಂತೆ ಅಂಗಿಯ ಗುಂಡಿ ಬಿಚ್ಚಿ, ಉಸಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿಕೊಂಡ. ಇಷ್ಟು ತಲೆಮಾರುಗಳಿಂದ ಈ ಸಮುದ್ರವನ್ನು ಬರಿದಾಗದಂತೆ ಕಾಯ್ದ ಪ್ರಾಚೀನ ಜ್ಞಾನದ ರಹಸ್ಯವೇನು, ಜಗತ್ತಿಗೆ ಒಂದೇ ಮಾತಿನಲ್ಲಿ ತಿಳಿಸಬೇಕು ಎಂದು ಕೇಳಿದ.

"ಕದ್ದೋನನ್ನ ಕಳ್ಳ ಅಂತೀವಿ," ಎಂದಳು ಉಸಿ ಓರ್ಪಾ. "ಅಷ್ಟೇ."