ಗುರುಗುಂಟಾದ ಮರಕುಟಿಗ

ಗುರುಗುಂಟಾ ದಾಟಿದ ಮೇಲೆ ರಸ್ತೆ ಪಕ್ಕದ ಬೇವಿನ ಮರದಲ್ಲಿ ಮರಕುಟಿಗ ಕಂಡಿತು. ಬೈಕ್ ನಿಲ್ಲಿಸಿ ಕ್ಯಾಮೆರಾ ತೆಗೆಯುವಷ್ಟರಲ್ಲಿ ಅದು ಒಣಕೊಂಬೆಯ ಪೊಟರೆ ಹೊಕ್ಕಿತು. ಹೊರಗೆ ಬಂದೀತೆಂದು ಕಾಯುತ್ತ ಕೂತೆ. ಆಡು ಮೇಯಿಸುವ ಹೆಂಗಸೊಬ್ಬಳು ಕಟ್ಟಿಗೆಗೆಂದು ಕೊಡಲಿ ಹಿಡಿದು ನೇರ ಅದೇ ಕೊಂಬೆಯ ಬಳಿಗೆ ಬಂದಳು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವ ಮೊದಲೇ ಅವಳು ಕೊಡಲಿಯ ಹಿಂಬದಿಯಿಂದ ಕೊಂಬೆಯನ್ನು ಟಕಟಕ ಬಡಿದಳು.

"ಒಳಗ ಹುಳಹುಪ್ಪಡಿ ಇದ್ರ ಮೊದ್ಲು ಹೊಂಟ್ಹೋಗ್ಲಿ ಅಂತ್ರಿ."

ಪೊಟರೆಯಿಂದ ಕೆಂಪು ಜುಟ್ಟಿನ ತಲೆಯೊಂದು ಹೊರಬಂದು, ಯಾರದು ಎಂಬಂತೆ ಕೆಳಗೆ ಇಣುಕಿತು. ಖುಷಿಯಿಂದ ಕ್ಲಿಕ್ಕಿಸಿದೆ. ಅವಳು ಕೊಡಲಿಯನ್ನು ಬೆನ್ನ ಹಿಂದೆ ಸರಿಸಿಕೊಂಡಳು.

"ಅಣ್ಣಾರ, ಫೋಟೊದಾಗ ಕೊಡ್ಲಿ ಬಂದೈತೇನ್ರಿ? ಅದನ್ನಷ್ಟು ತೆಗದುಬಿಡ್ರಿ. ನೋಡಿದವ್ರು, ಈಕಿ ಅದರ ಮನಿ ಕಡಿಯಾಕ ಬಂದಿದ್ಲು ಅಂತಾರ."